ಎರಡು ಕ್ಲಚ್ಚು

ಯಾರದೋ ಕಾರಿನ ಕರುಳು ಬಿಚ್ಚಿ
ಮೇಜಿನ ಮೇಲೆ ಹರವಿದ್ದಾನೆ ಕ್ಲೈವ್ ಆಕ್ರಾಯ್ಡ್.
ರೊಟ್ಟಿಯಷ್ಟಗಲದ ತಟ್ಟೆಗಳು, ಒಂದರ ಬೆನ್ನಿಗೊಂದು,
ಅಂಚು ಸೀದು ನೀಲಿಗಟ್ಟಿವೆ.
"ಮೂಸಿ ನೋಡು" ಅಂದ. ಮೂಸಿದೆ:
ತಳ ಹಿಡಿದ ಹುರುಳಿ.
ಐವತ್ತು ಸಾವಿರ ಮೈಲಿಯೂ ಓಡಿಲ್ಲವಂತೆ.

ಹದಿನೆಂಟು ವರ್ಷದಿಂದ ಈ ಊರಿಗೆ ಕಾರು ಕಲಿಸುತ್ತಿದ್ದೇನೆ.
ಹ್ಯಾಲಿಫ್ಯಾಕ್ಸಿನಲ್ಲಿ ಸಮತಟ್ಟು ಅಂತ ಇರುವುದು
ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಒಂದೇ.
ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು,
ತುದಿಯಲ್ಲೊಂದು ಕೆಂಪು ದೀಪ.
ಈಗ ಫೋನು ಮಾಡುವ ಹತ್ತರಲ್ಲಿ ಏಳು ಜನ
ಹೆಸರು ಹೇಳುವ ಮೊದಲೇ ಕೇಳುತ್ತಾರೆ: ಆಟೋಮ್ಯಾಟಿಕ್ ಇದೆಯಾ?
ಇಲ್ಲ ಅಂದರೆ
ಫೋನು ಕುಕ್ಕುವ ಸದ್ದೂ ಇಲ್ಲ,
ಈಗಿನ ಫೋನುಗಳಿಗೆ ಅದೂ ಬರುವುದಿಲ್ಲ.

ಕ್ಲೈವ್‌ನದು ರಟ್ಟಿನ ಮೇಲೆ ಪೆನ್ಸಿಲ್ ಲೆಕ್ಕ.
ಮ್ಯಾನ್ಯುಯಲ್: ಕ್ಲಚ್ಚು, ಫ್ಲೈವೀಲು, ಒಂದು ದಿನದ ಕೂಲಿ,
ಎಂಟುನೂರು ಪೌಂಡು. "ಕಲಿಯುವವರ ಕಾಲಡಿ ಅಂದಮೇಲೆ
ಮೂರು ವರ್ಷಕ್ಕೊಮ್ಮೆ ಇದ್ದದ್ದೇ. ಗೊತ್ತಿರುವ ಕಾಯಿಲೆ."
ಇನ್ನೊಂದು: ಕ್ಲಚ್ಚಿನ ಜೋಡಿಗೆ ಸಾವಿರದ ಆರುನೂರು,
ಅದರ ಮಿದುಳು ಕೈಕೊಟ್ಟರೆ ಮೇಲೆ ಎರಡು ಸಾವಿರ.
"ಕೊಡದೆಯೂ ಇರಬಹುದು. ಎಣ್ಣೆಯಲ್ಲಿ ಮುಳುಗಿದ ಜಾತಿಯದು ಬಾಳುತ್ತೆ,
ಎಣ್ಣೆ ಬದಲಿಸುವ ದುಡ್ಡು ಮಾತ್ರ ಉಳಿಸಬೇಡ.
ಒಣ ಜಾತಿಯದು ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಸಾಯುತ್ತೆ."
ತರಿ, ಖುಷ್ಕಿ ಅಂತ ಮನಸ್ಸಿನಲ್ಲೇ ಬರೆದುಕೊಂಡೆ.
ಅಪ್ಪ ಸಬ್‌ರಿಜಿಸ್ಟ್ರಾರ್ ಆಫೀಸಿನ ಗುಮಾಸ್ತ.

ಓಡುವುದು ಹೇಗೆ, ಕೇಳಿದೆ.
ಒಂದು ಕ್ಲಚ್ಚಿನ ಪಾಲಿಗೆ ಒಂದು, ಮೂರು, ಐದು;
ಇನ್ನೊಂದರ ಪಾಲಿಗೆ ಎರಡು, ನಾಲ್ಕು, ಆರು.
ನೀನಿನ್ನೂ ಎರಡರಲ್ಲಿರುವಾಗಲೇ
ಮೂರನ್ನು ಹಿಡಿದು ಕಾಯುತ್ತಿರುತ್ತದೆ,
ಬೇಕಾಗುತ್ತೋ ಇಲ್ಲವೋ.

ನಗು ಬಂತು.
ನನ್ನ ಹಳೆಯ ಕಾರಿನಲ್ಲೂ ಎರಡು ಕ್ಲಚ್ಚಿನ ಪೆಡಲ್ಲು, ಕ್ಲೈವ್:
ಒಂದು ಅವರ ಕಾಲಡಿ, ಒಂದು ನನ್ನ ಕಾಲಡಿ.
ಅವರಿನ್ನೂ ಈ ತಪ್ಪಿನಲ್ಲಿರುವಾಗಲೇ
ಮುಂದಿನ ತಪ್ಪನ್ನು ಹಿಡಿದು ಕಾಯುತ್ತಿರುತ್ತದೆ
ನನ್ನ ಎಡಗಾಲು.
ಅದರ ರಿಪೇರಿಗೆಷ್ಟು, ಬರೆ ಅದನ್ನೂ.
ಮಂಡಿಯ ಡಾಕ್ಟರು ಹದಿನಾಲ್ಕು ತಿಂಗಳ ಸರದಿ ಹೇಳಿದ್ದಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಆಟೋಮ್ಯಾಟಿಕ್ಕಿನಲ್ಲಿ ಎಡಗಾಲಿಗೆ ಎಲ್ಲೆಲ್ಲೂ ಹಾಸಿಗೆ.
ಇಡೀ ದಿನ ಮಲಗಬಹುದು.
ನಿದ್ದೆ ಬಂದೀತೇ ಎಂಬುದು ಬೇರೆ ಮಾತು.

ಸೋಮವಾರ ಹತ್ತಕ್ಕೆ ಡೊರೀನ್. ಅರವತ್ತೊಂದು.
ಗಂಡ ಇರುವತನಕ ಸ್ಟೇರಿಂಗ್ ಮುಟ್ಟಿದವಳಲ್ಲ.
ಅವನ ಕಾರು ಗ್ಯಾರೇಜಿನಲ್ಲಿದೆ, ಐದು ಗೇರಿನದು.
ಆಟೋಮ್ಯಾಟಿಕ್ ಲೈಸೆನ್ಸು ಇಟ್ಟುಕೊಂಡು
ಅದನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಕಾನೂನು.
ಅದಕ್ಕೇ ನನ್ನ ಬಳಿ ಬಂದಿದ್ದಾಳೆ,
ಬೆಳಗಿನಿಂದ ಒಂಬತ್ತು ಸಲ ಎಂಜಿನ್ ಆರಿಸಿದ್ದಾಳೆ.

ಬೀಕನ್ ಹಿಲ್‌ನ ನಡುಮಧ್ಯೆ ನಿಲ್ಲಿಸಿದೆ.
ಒದ್ದೆ ರಸ್ತೆ. ಹಿಂದೆ ಹಾಲಿನ ಲಾರಿ.
ಕಾಲು ನಿಧಾನ ಬಿಡು, ಕಾರಿನ ಮೂಗು ಏಳುತ್ತೆ,
ಅಲ್ಲೇ ಇರು, ಅಲ್ಲೇ.
ರಾಗಿಕಾಳಿನಷ್ಟು ಜಾಗ ಅದು, ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ;
ಯಾವ ಮಿದುಳಿಗೆ ಎಷ್ಟು ದುಡ್ಡು ಸುರಿದರೂ
ಅದು ಕೊನೆಗೆ ಹುಡುಕುವುದು ಆ ಜಾಗವನ್ನೇ.
ನನ್ನ ಪಾದ ಪೆಡಲ್ಲಿನ ಮೇಲೆ, ಗಾಳಿಯಲ್ಲಿ.
ಕಾರು ನಡುಗಿತು, ಹಿಂದೆ ಒಂದು ಗೇಣು ಜಾರಿತು,
ಕಚ್ಚಿತು,
ಹತ್ತಿತು.
ನಾನು ಒತ್ತಲಿಲ್ಲ.
ಡೊರೀನ್ ನನ್ನ ಕಡೆ ನೋಡಲೂ ಇಲ್ಲ,
ತುಟಿ ಕಚ್ಚಿ ಎರಡಕ್ಕೆ ಹಾಕಿದಳು.

ರಟ್ಟು ಫ್ರಿಜ್ಜಿಗೆ ಅಂಟಿಸಿದ್ದೇನೆ. ಕೂಡಿ ಕಳೆದು
ತರಿಯದೇ ಇರಲಿ, ಸೆಕೆಂಡ್ ಹ್ಯಾಂಡ್ ಬೇಡ
ಅನ್ನುವಷ್ಟಕ್ಕೆ ಬಂದು ನಿಂತಿದೆ.
ಗುರುವಾರ ಮತ್ತೊಂದು ಫೋನು: ಆಟೋಮ್ಯಾಟಿಕ್ ಇದೆಯಾ?
"ಮಾರ್ಚಿಗೆ" ಅಂದುಬಿಟ್ಟೆ.
ಡೊರೀನಳ ಪರೀಕ್ಷೆ ಫೆಬ್ರವರಿ ಇಪ್ಪತ್ತಾರಕ್ಕೆ.